ಹಳೆಯ ಮಿಕ್ಸರಿಗೆ ಹೊಸ ಚಿಪ್: ಲಾಭ ಇರುವುದು ಎಲ್ಲಿ?

1980ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ತಯಾರಾದ 24 ಚಾನೆಲ್ಲಿನ ಮಿಕ್ಸಿಂಗ್ ಕನ್ಸೋಲೊಂದರ ತಳದ ತಗಡು ಬಿಚ್ಚಿದರೆ ಎಂಟು ಕಾಲಿನ ಪುಟ್ಟ ಕಪ್ಪು ಚಿಪ್‌ಗಳು ಸಾಲುಸಾಲಾಗಿ ಕಾಣುತ್ತವೆ. ಚಾನೆಲ್ಲಿಗೆ ಐದಾರರಂತೆ ಹಿಡಿದರೂ ಎಣಿಕೆ ನೂರೈವತ್ತರ ಹತ್ತಿರ ಹೋಗುತ್ತದೆ. ಮಧ್ಯಮ ದರ್ಜೆಯ ಯಂತ್ರವಾದರೆ ಬಹುಪಾಲು ಚಿಪ್‌ಗಳ ಮೇಲೆ ಟಿಎಲ್072 ಎಂಬ ಅಚ್ಚು. ರೆಕಾರ್ಡಿಂಗಿನ ಕೆಲಸವೆಲ್ಲ ಕಂಪ್ಯೂಟರಿಗೆ ಹೋದ ಮೇಲೆ ಇಂಥ ಕನ್ಸೋಲ್‌ಗಳು ಸೆಕೆಂಡ್‌ಹ್ಯಾಂಡಿನಲ್ಲಿ ಕೈಗೆಟಕುವ ಬೆಲೆಗೆ ಸಿಗುತ್ತವೆ. ಕೊಂಡವರಿಗೆ ಮೊದಲು ಸಿಗುವ ಸಲಹೆಯೂ ಸಾಮಾನ್ಯವಾಗಿ ಒಂದೇ: ಈ ಹಳೆಯ ಆಪ್-ಆಂಪ್ (ಆಪರೇಷನಲ್ ಆಂಪ್ಲಿಫೈಯರ್) ಚಿಪ್‌ಗಳನ್ನೆಲ್ಲ ಕಿತ್ತು ಹೊಸವನ್ನು ಹಾಕಿ, ದನಿಯ ಮೇಲಿನ ಮಸುಕು ಸರಿಯುತ್ತದೆ. ಸಲಹೆ ಆಕರ್ಷಕ. ಚಿಪ್ ದುಬಾರಿಯಲ್ಲ, ಕಾಲುಗಳ ಜೋಡಣೆ ಒಂದೇ, ಹೊಸ ಚಿಪ್ಪಿನ ಡೇಟಾಶೀಟಿನಲ್ಲಿ ಎಲ್ಲ ಅಂಕಿಗಳೂ ಹಳೆಯದಕ್ಕಿಂತ ಚೆನ್ನಾಗಿರುತ್ತವೆ. ಆದರೆ ಕನ್ಸೋಲಿನ ಒಳಗಿನ ಲೆಕ್ಕ ಬೇರೆ. ಆ ನೂರೈವತ್ತು ಜಾಗಗಳಲ್ಲಿ ಬೆರಳೆಣಿಕೆಯ ಕಡೆ ಚಿಪ್ ಬದಲಾವಣೆಯಿಂದ ನಿಜವಾದ ಲಾಭವಿದೆ, ಬಹಳಷ್ಟು ಕಡೆ ಏನೂ ಆಗುವುದಿಲ್ಲ, ಕೆಲವು ಕಡೆ ಇದ್ದದ್ದೂ ಕೆಡುತ್ತದೆ. ಎಲ್ಲಿ ಯಾವುದು ಎಂಬುದನ್ನು ತೀರ್ಮಾನಿಸುವುದು ಚಿಪ್ಪಿನ ಹೆಸರಲ್ಲ. ಅದು ಕೂತ ಜಾಗದ ಸುತ್ತ ಇರುವ ರೆಸಿಸ್ಟರು, ಅಲ್ಲಿನ ಗೇನ್, ಅದಕ್ಕೆ ಸಿಗುವ ಕರೆಂಟು.

ಆಪ್-ಆಂಪ್ ಹುಟ್ಟಿದ್ದು ಸಂಗೀತಕ್ಕಾಗಿ ಅಲ್ಲ. ಜಾನ್ ರಗಜಿನಿ ಮತ್ತು ಸಂಗಡಿಗರು 1947ರಲ್ಲಿ ಈ ಹೆಸರನ್ನು ಬಳಕೆಗೆ ತಂದಾಗ ಅದು ಅನಲಾಗ್ ಕಂಪ್ಯೂಟರಿನಲ್ಲಿ ಕೂಡುವ, ಕಳೆಯುವ, ಇಂಟಿಗ್ರೇಷನ್ ಮಾಡುವ ವಾಲ್ವ್ ಸರ್ಕಿಟ್. ಬಾಬ್ ವಿಡ್ಲರ್ ಫೇರ್‌ಚೈಲ್ಡ್ ಕಂಪನಿಯಲ್ಲಿ 709 ಎಂಬ ಚಿಪ್ಪನ್ನು 1965ರಲ್ಲಿ ತಂದ. ಅದೇ ಕಂಪನಿಯ ಡೇವ್ ಫುಲಗರ್ 1968ರಲ್ಲಿ ತಂದ 741 ಲೋಕಪ್ರಸಿದ್ಧವಾಯಿತು. ನಮ್ಮ ಡಿಪ್ಲೊಮಾ, ಎಂಜಿನಿಯರಿಂಗ್ ಲ್ಯಾಬುಗಳಲ್ಲಿ ಇಂದಿಗೂ ವಿದ್ಯಾರ್ಥಿಗಳು ಮೊದಲು ಮುಟ್ಟುವ ಆಪ್-ಆಂಪ್ ಅದೇ. ಕೆಲಸದ ಬಗೆ ಸರಳ. ಎರಡು ಇನ್‌ಪುಟ್‌ಗಳ ನಡುವಿನ ವ್ಯತ್ಯಾಸವನ್ನು ಲಕ್ಷಪಟ್ಟು ಹಿಗ್ಗಿಸುವುದು. ಅಷ್ಟು ಗೇನ್ ಯಾರಿಗೂ ಬೇಡ, ಹಾಗಾಗಿ ಔಟ್‌ಪುಟ್ಟಿನ ಒಂದು ಪಾಲನ್ನು ತಿರುಗಿ ಇನ್‌ಪುಟ್ಟಿಗೆ ವಿರುದ್ಧವಾಗಿ ಕೊಡುತ್ತಾರೆ. ಹೀಗೆ ಫೀಡ್‌ಬ್ಯಾಕ್ ಕೊಟ್ಟ ಮೇಲೆ ಆ ಹಂತದ ಗೇನನ್ನು ನಿರ್ಧರಿಸುವುದು ಹೊರಗಿನ ಎರಡು ರೆಸಿಸ್ಟರುಗಳು. ಚಿಪ್ಪಿನ ಬಳಿ ಬಳಸದೆ ಉಳಿದ ಗೇನ್ ಇರುತ್ತದಲ್ಲ, ಅದು ಚಿಪ್ಪಿನದೇ ಓರೆಕೋರೆಗಳನ್ನು ತಿದ್ದಲು ಖರ್ಚಾಗುತ್ತದೆ. ಚಿಪ್ಪಿನ ಗುಣ ಔಟ್‌ಪುಟ್ಟಿನಲ್ಲಿ ಕಾಣದಂತೆ ಮಾಡುವುದೇ ಫೀಡ್‌ಬ್ಯಾಕಿನ ಉದ್ದೇಶ. ಉಳಿಕೆ ಗೇನ್ ಸಾಕಷ್ಟಿದ್ದಲ್ಲಿ ಒಂದು ಒಳ್ಳೆಯ ಚಿಪ್ಪಿಗೂ ಇನ್ನೊಂದಕ್ಕೂ ಫರಕು ಅಳೆಯುವುದೇ ಕಷ್ಟ. ಅದು ಸಾಲದೆ ಬಿದ್ದಲ್ಲಿ ಮಾತ್ರ ಚಿಪ್ ಯಾವುದು ಎಂಬುದು ಮುಖ್ಯವಾಗುತ್ತದೆ.

ಎಲ್ಲ ಕಡೆಯೂ ಚಿಪ್ ಬದಲಿಸಲೇಬೇಕಾಗಿದ್ದ ಕಾಲವೊಂದಿತ್ತು ಎಂಬುದನ್ನು ಒಪ್ಪಬೇಕು. 741ರ ಔಟ್‌ಪುಟ್ ಒಂದು ಮೈಕ್ರೋಸೆಕೆಂಡಿನಲ್ಲಿ ಹೆಚ್ಚೆಂದರೆ ಅರ್ಧ ವೋಲ್ಟ್ ಏರಬಲ್ಲದು. ಹತ್ತು ವೋಲ್ಟ್ ಎತ್ತರದ ಅಲೆಯನ್ನು 20 ಕಿಲೋಹರ್ಟ್ಸ್‌ನಲ್ಲಿ ಅಂದಗೆಡದಂತೆ ದಾಟಿಸಬೇಕಾದರೆ ಬೇಕಾಗುವ ವೇಗ ಮೈಕ್ರೋಸೆಕೆಂಡಿಗೆ ಸುಮಾರು 1.26 ವೋಲ್ಟ್. ಅಂದರೆ ಪೂರ್ಣ ಮಟ್ಟದಲ್ಲಿ 741 ಸುಮಾರು 8 ಕಿಲೋಹರ್ಟ್ಸ್‌ಗೇ ಸೋಲುತ್ತದೆ. ಅದರಾಚೆಗಿನ ತಾಳದ ಕಿಣಿಕಿಣಿ, ಸಕಾರದ ಸೀಟಿ ತ್ರಿಕೋನಾಕಾರಕ್ಕೆ ತಿರುಗುತ್ತವೆ. ಮಟ್ಟಿ ಓಟಾಲ, ವಾಲ್ಟ್ ಜಂಗ್ ಮೊದಲಾದವರು 1970ರ ದಶಕದಲ್ಲಿ ಈ ಬಗೆಯ ವಿಕೃತಿಯ ಬಗ್ಗೆ ಬರೆದದ್ದು ಸುಮ್ಮನೆ ಅಲ್ಲ. ಆದರೆ ಅದೇ ದಶಕ ಮುಗಿಯುವಷ್ಟರಲ್ಲಿ ಟಿಎಲ್072 ಮತ್ತು 5532 ಬಂದವು. ಮೊದಲನೆಯದರ ವೇಗ 13 ವೋಲ್ಟ್, ಎರಡನೆಯದರದು 9. ಬೇಕಾದ್ದಕ್ಕಿಂತ ಏಳರಿಂದ ಹತ್ತು ಪಟ್ಟು. ವೇಗದ ಪ್ರಶ್ನೆ ಅಲ್ಲಿಗೆ ಮುಗಿಯಿತು. ಹದಿಮೂರು ಇದ್ದದ್ದನ್ನು ಇಪ್ಪತ್ತು ಮಾಡಿದ್ದೇವೆ ಎಂದು ಹೊಸ ಚಿಪ್ಪಿನ ಪರವಾಗಿ ವಾದಿಸುವವರು 741ರ ಕಾಲದ ಕಾಯಿಲೆಗೆ ಈಗ ಔಷಧ ಮಾರುತ್ತಿದ್ದಾರೆ.

ಹಾಗಾದರೆ ಲಾಭ ಎಲ್ಲಿ? ಮೊದಲ ಉತ್ತರ ಮಿಕ್ಸ್ ಬಸ್, ಅಂದರೆ ಎಲ್ಲ ಚಾನೆಲ್ಲುಗಳೂ ಬಂದು ಕೂಡುವ ಜಾಗ. ಹೆಚ್ಚಿನ ಕನ್ಸೋಲ್‌ಗಳಲ್ಲಿ ಪ್ರತಿ ಚಾನೆಲ್ಲಿನಿಂದ ಒಂದೊಂದು ರೆಸಿಸ್ಟರು, ಹತ್ತು ಕಿಲೋಓಮ್ ಎಂದಿಟ್ಟುಕೊಳ್ಳೋಣ, ಹೊರಟು ಒಂದೇ ತಂತಿಗೆ ಸೇರುತ್ತದೆ. ಆ ತಂತಿಯ ತುದಿಯಲ್ಲಿ ಒಂದು ಆಪ್-ಆಂಪ್, ಅದರ ಫೀಡ್‌ಬ್ಯಾಕ್ ರೆಸಿಸ್ಟರೂ ಹತ್ತು ಕಿಲೋಓಮ್. ಒಂದು ಚಾನೆಲ್ಲಿನ ಕಣ್ಣಿಗೆ ಈ ಹಂತದ ಗೇನ್ ಬರೇ ಒಂದು. ಚಿಪ್ಪಿನ ಸ್ವಂತ ನಾಯ್ಸಿನ ಕಣ್ಣಿಗೆ ಹಾಗಲ್ಲ. ಇಪ್ಪತ್ತನಾಲ್ಕು ರೆಸಿಸ್ಟರುಗಳು ಒಟ್ಟಾಗಿ ಒಂದು ಸಣ್ಣ ರೆಸಿಸ್ಟರಿನಂತೆ ವರ್ತಿಸುವುದರಿಂದ ಆ ನಾಯ್ಸಿಗೆ ಸಿಗುವ ಗೇನ್ 25, ಎಂದರೆ 28 ಡೆಸಿಬೆಲ್. ಫೇಡರ್ ಕೆಳಗಿದ್ದರೂ, ಅನೇಕ ಕನ್ಸೋಲ್‌ಗಳಲ್ಲಿ ಚಾನೆಲ್ಲನ್ನು ಬಸ್ಸಿನಿಂದ ಬಿಡಿಸಿದರೂ ಇದು ಕಡಿಮೆಯಾಗದು, ಏಕೆಂದರೆ ರೆಸಿಸ್ಟರಿನ ಇನ್ನೊಂದು ತುದಿ ಗ್ರೌಂಡಿಗೆ ಅಂಟಿಕೊಂಡೇ ಇರುತ್ತದೆ. ನಾಯ್ಸನ್ನು ಅಳೆಯುವ ರೂಢಿಯ ಮಾನ ಪ್ರತಿ ರೂಟ್ ಹರ್ಟ್ಸ್‌ಗೆ ಇಷ್ಟು ನ್ಯಾನೋವೋಲ್ಟ್ ಎಂಬುದು. ಮುಂದೆ ನ್ಯಾನೋವೋಲ್ಟ್ ಎಂದಷ್ಟೇ ಹೇಳುತ್ತೇನೆ. ಟಿಎಲ್072ರದು 18. 5532ರದು 5. ನಂತರದ ಪೀಳಿಗೆಯ ಎಲ್‌ಎಂ4562ರದು 2.7. ರೆಸಿಸ್ಟರುಗಳೇ ತಮ್ಮ ಬಿಸಿಯಿಂದ ಹುಟ್ಟಿಸುವ ನಾಯ್ಸು ಇಲ್ಲಿ ಸುಮಾರು 2.6. ಎಲ್ಲವನ್ನೂ ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆದರೆ ಮೂರು ಚಿಪ್‌ಗಳಿಗೆ ಕ್ರಮವಾಗಿ 18.2, 5.6 ಮತ್ತು 3.8 ಬರುತ್ತದೆ. ಟಿಎಲ್072 ತೆಗೆದು 5532 ಹಾಕಿದರೆ ಈ ಹಂತದ ಹಿಸ್ ಹತ್ತು ಡೆಸಿಬೆಲ್ ಇಳಿಯುತ್ತದೆ. ಎಲ್‌ಎಂ4562 ಹಾಕಿದರೆ ಇನ್ನೂ ಮೂರೂವರೆ. ಹತ್ತು ಡೆಸಿಬೆಲ್ ಎಂದರೆ ಹೆಡ್‌ಫೋನಿಲ್ಲದೆಯೂ ಗೊತ್ತಾಗುವ ವ್ಯತ್ಯಾಸ. ಉಳಿಕೆ ಗೇನಿನ ವಿಷಯದಲ್ಲೂ ಬಸ್ಸೇ ಬಡಪಾಯಿ: 3 ಮೆಗಾಹರ್ಟ್ಸ್‌ನ ಟಿಎಲ್072ಗೆ 20 ಕಿಲೋಹರ್ಟ್ಸ್‌ನಲ್ಲಿ ತನ್ನನ್ನು ತಿದ್ದಿಕೊಳ್ಳಲು ಉಳಿಯುವುದು ಕೇವಲ ಆರು ಪಟ್ಟು, 10 ಮೆಗಾಹರ್ಟ್ಸ್‌ನ 5532ಗೆ ಇಪ್ಪತ್ತು, 55 ಮೆಗಾಹರ್ಟ್ಸ್‌ನ ಎಲ್‌ಎಂ4562ಗೆ ನೂರಹತ್ತು. ಹೀಗಾಗಿ ಎಡ ಬಲ ಬಸ್ಸು, ನಾಲ್ಕೋ ಎಂಟೋ ಗ್ರೂಪ್ ಬಸ್ಸು, ಆಕ್ಸಿಲರಿ ಬಸ್ಸು, ಎಲ್ಲ ಸೇರಿ ಹತ್ತು ಹದಿನೈದು ಆಂಪ್‌ಗಳನ್ನು ಬದಲಿಸುವುದಕ್ಕೆ ನನ್ನ ತಕರಾರಿಲ್ಲ. ಇಡೀ ಕನ್ಸೋಲಿನಲ್ಲಿ ಚಿಪ್ಪಿನ ಮೇಲೆ ಖರ್ಚು ಮಾಡಿದ ದುಡ್ಡಿಗೆ ಇಷ್ಟು ಪ್ರತಿಫಲ ಕೊಡುವ ಜಾಗ ಇನ್ನೊಂದಿಲ್ಲ.

ಆದರೆ ಆ ಹತ್ತು ಡೆಸಿಬೆಲ್ಲನ್ನೂ ಎಚ್ಚರದಿಂದ ಓದಬೇಕು. ಕೆರೆಯ ಹೂಳೆತ್ತಿದರೆ ಸಾಲದು, ಕಾಲುವೆಗಳು ಹೊತ್ತು ತರುವ ಮಣ್ಣನ್ನೂ ನೋಡಬೇಕು. ಮೈಕ್ ಗೇನ್ ಏರಿಸಿದ ಒಂದು ಚಾನೆಲ್ ಬಸ್ಸಿಗೆ −90 ಡಿಬಿಯು ಮಟ್ಟದ ನಾಯ್ಸು ಕೊಡುತ್ತದೆ ಎನ್ನಿ. 40 ಡೆಸಿಬೆಲ್ ಗೇನಿನಲ್ಲಿ ಇದು ಒಳ್ಳೆಯ ಮೈಕ್ ಆಂಪ್ ಕೊಡುವ ಮಟ್ಟಕ್ಕೆ ಹತ್ತಿರವೇ. 24 ಚಾನೆಲ್ ಒಟ್ಟಿಗೆ ತೆರೆದರೆ ಅದು −76ಕ್ಕೆ ಏರುತ್ತದೆ. ಟಿಎಲ್072 ಇರುವ ಬಸ್ ಆಂಪಿನ ಸ್ವಂತ ನಾಯ್ಸು ಸುಮಾರು −81.6. ಎರಡೂ ಸೇರಿ −75. ಈಗ ಚಿಪ್ ಬದಲಿಸಿ ಬಸ್ಸಿನ ನಾಯ್ಸನ್ನು −92ಕ್ಕೆ ಇಳಿಸಿದರೂ ಒಟ್ಟು ಮೊತ್ತ −76ಕ್ಕಿಂತ ಕೆಳಗೆ ಹೋಗದು. ಹತ್ತು ಡೆಸಿಬೆಲ್ ಕರಗಿ ಒಂದಾಯಿತು. ನಾಲ್ಕೇ ಚಾನೆಲ್ ತೆರೆದಿದ್ದರೆ ಲಾಭ ಮೂರೂವರೆಯಿಂದ ನಾಲ್ಕು. ಫೇಡರುಗಳನ್ನೆಲ್ಲ ಕೆಳಗಿಳಿಸಿ ಸ್ಪೀಕರಿಗೆ ಕಿವಿಯಿಟ್ಟು ‘ಎಷ್ಟು ನಿಶ್ಶಬ್ದವಾಯಿತು!’ ಎನ್ನುವವರು ಕೇಳುತ್ತಿರುವುದು ಕನ್ಸೋಲ್ ಕೆಲಸ ಮಾಡದಿರುವಾಗಿನ ಸ್ಥಿತಿಯನ್ನು. ಮೈಕುಗಳಿಂದ ತುಂಬಿದ ವೇದಿಕೆಗೆ ಈ ಬದಲಾವಣೆ ಬಹುತೇಕ ನಿರುಪಯೋಗಿ. ಕಂಪ್ಯೂಟರಿನಿಂದ ಬಂದ ಟ್ರ್ಯಾಕುಗಳನ್ನು ಲೈನ್ ಇನ್‌ಪುಟ್ಟಿನಲ್ಲಿ ಕೂಡಿಸುವ ಸ್ಟುಡಿಯೊಗಾದರೆ ಚಾನೆಲ್ಲಿನ ನಾಯ್ಸು ಕಡಿಮೆ ಇರುವುದರಿಂದ ಅರ್ಥಪೂರ್ಣ. ಒಂದೇ ಕನ್ಸೋಲ್, ಒಂದೇ ಚಿಪ್, ಬಳಕೆ ಬದಲಾದಂತೆ ಉತ್ತರವೂ ಬದಲು.

ಇನ್ನು ಕೆಡುವ ಜಾಗ. ಈಕ್ವಲೈಸರ್ ಹಂತಗಳಲ್ಲಿ, ಅಗ್ಗದ ಪಾಟ್‌ಗಳನ್ನು ಬಳಸುವ ಸಲುವಾಗಿ, ಹಳೆಯ ವಿನ್ಯಾಸಗಾರರು 47 ಅಥವಾ 100 ಕಿಲೋಓಮ್‌ನ ದೊಡ್ಡ ರೆಸಿಸ್ಟೆನ್ಸುಗಳನ್ನು ಇಟ್ಟಿರುತ್ತಾರೆ. ಟಿಎಲ್072ನ ಇನ್‌ಪುಟ್ಟಿನಲ್ಲಿರುವುದು ಜೆಫೆಟ್. ಅದು ಎಳೆಯುವ ಕರೆಂಟು ಪೈಕೋಆಂಪಿಯರುಗಳಲ್ಲಿ, ಲೆಕ್ಕಕ್ಕೇ ಬಾರದಷ್ಟು. 5532ರ ಇನ್‌ಪುಟ್ಟಿನಲ್ಲಿರುವುದು ಸಾಮಾನ್ಯ ಬೈಪೋಲಾರ್ ಟ್ರಾನ್ಸಿಸ್ಟರು. ಅದಕ್ಕೆ ಸುಮಾರು 200 ನ್ಯಾನೋಆಂಪಿಯರ್ ಬೇಕು. 100 ಕಿಲೋಓಮ್ ಮೂಲಕ ಅಷ್ಟು ಕರೆಂಟು ಹರಿದರೆ 20 ಮಿಲಿವೋಲ್ಟ್ ಡಿಸಿ ನಿಲ್ಲುತ್ತದೆ, ನಾಬ್ ತಿರುಗಿಸಿದಾಗೆಲ್ಲ ಕರಕರ ಸದ್ದು. ನಾಯ್ಸಿನ ಲೆಕ್ಕವೂ ತಲೆಕೆಳಗು. 5532ಕ್ಕೆ ವೋಲ್ಟೇಜ್ ನಾಯ್ಸು ಕಡಿಮೆ, ನಿಜ, ಆದರೆ ಅದರ ಕರೆಂಟ್ ನಾಯ್ಸು 0.7 ಪೈಕೋಆಂಪಿಯರ್. 100 ಕಿಲೋಓಮ್ ಮೇಲೆ ಅದು 70 ನ್ಯಾನೋವೋಲ್ಟ್ ಆಗುತ್ತದೆ. ರೆಸಿಸ್ಟರಿನ ಸ್ವಂತ 40ನ್ನೂ ಸೇರಿಸಿದರೆ ಮೊತ್ತ 81; ಟಿಎಲ್072 ಅಲ್ಲೇ ಇದ್ದಿದ್ದರೆ 44. ಡೇಟಾಶೀಟಿನಲ್ಲಿ ಮೂರೂವರೆ ಪಟ್ಟು ನಿಶ್ಶಬ್ದವಾದ ಚಿಪ್ಪು ಇಲ್ಲಿ ಐದು ಡೆಸಿಬೆಲ್ ಹೆಚ್ಚು ಸದ್ದು ಮಾಡುತ್ತದೆ. ಜೆಫೆಟ್ ಜಾತಿಯದೇ ಆದ ಓಪಿಎ2134 ಹಾಕಿದರೆ ಈ ತೊಂದರೆ ಇಲ್ಲ, ಆದರೆ ಲಾಭ ಬಗೆದರೂ ಅರ್ಧ ಡೆಸಿಬೆಲ್ಲಿನ ಆಸುಪಾಸು. ಅಲ್ಲಿ ಸದ್ದು ಮಾಡುತ್ತಿರುವುದು ರೆಸಿಸ್ಟರು, ಚಿಪ್ಪಲ್ಲ. ಹಳೆಯ ವಿನ್ಯಾಸಗಾರ ಟಿಎಲ್072 ಇಟ್ಟದ್ದು ಬರೀ ಕಾಸು ಉಳಿಸಲು ಎಂದು ನಂಬಿ ಕಣ್ಣುಮುಚ್ಚಿ ಬದಲಿಸಿದವರಿಗೆ ಕಾದಿರುವ ಫಲ ಇದು.

ಮೈಕ್ ಆಂಪಿನ ಬಗ್ಗೆ ನಿರೀಕ್ಷೆ ಹೆಚ್ಚು, ಕಾರಣ ಅಲ್ಲಿ ಗೇನ್ ಸಾವಿರ ಪಟ್ಟಿನ ತನಕ ಹೋಗುತ್ತದೆ. ಆದರೆ ಆ ಕಾಲದ ಬಹಳಷ್ಟು ಕನ್ಸೋಲ್‌ಗಳಲ್ಲಿ ಮೈಕ್ ಸಿಗ್ನಲ್ ಮೊದಲು ಹೋಗುವುದು ಒಂದು ಜೊತೆ ಬಿಡಿ ಟ್ರಾನ್ಸಿಸ್ಟರಿಗೆ. ಆಪ್-ಆಂಪ್ ಅದರ ಹಿಂದೆ ನಿಂತಿರುತ್ತದೆ. ನಾಯ್ಸನ್ನು ತೀರ್ಮಾನಿಸುವುದು ಮುಂದಿರುವ ಟ್ರಾನ್ಸಿಸ್ಟರುಗಳು. ಗೇನ್ ಏರಿಸಿದಷ್ಟೂ ಹಿಂದಿನ ಚಿಪ್ಪಿನ ಪಾತ್ರ ಕುಗ್ಗುತ್ತದೆ. ಜೊತೆಗೆ ಪ್ರಕೃತಿಯೇ ಹಾಕಿದ ನೆಲವೊಂದಿದೆ: 150 ಓಮ್‌ನ ಮೈಕು ಸುಮ್ಮನಿದ್ದರೂ 20 ಕಿಲೋಹರ್ಟ್ಸ್ ಅಗಲದಲ್ಲಿ ಸುಮಾರು −131 ಡಿಬಿಯು ಸದ್ದು ಮಾಡುತ್ತದೆ. ಸುಸ್ಥಿತಿಯಲ್ಲಿರುವ ಹಳೆಯ ಮೈಕ್ ಆಂಪ್ ಆ ನೆಲದಿಂದ ಮೂರ್ನಾಲ್ಕು ಡೆಸಿಬೆಲ್ ಮೇಲೆ ಮಾತ್ರ. ಗೆಲ್ಲಲು ಉಳಿದಿರುವುದೇ ಅಷ್ಟು. ಭಾರ ಹೊರುವ ಜಾಗಗಳ ಕಥೆ ಬೇರೆ. 600 ಓಮ್ ಲೋಡನ್ನೋ ಉದ್ದನೆಯ ಕೇಬಲನ್ನೋ ಓಡಿಸಬೇಕಾದ ಲೈನ್ ಔಟ್‌ಪುಟ್ಟಿನಲ್ಲಿ ಟಿಎಲ್072 ಬಳಲುತ್ತದೆ, 5532ನ್ನು ಅದಕ್ಕೆಂದೇ ಮಾಡಿದ್ದು. ಇನ್‌ಪುಟ್ ಋಣ ಅಂಚಿಗೆ ತೀರಾ ಹತ್ತಿರ ಹೋದಾಗ ಔಟ್‌ಪುಟ್ ಇದ್ದಕ್ಕಿದ್ದಂತೆ ತಿರುವುಮುರುವಾಗುವ ದುರ್ಗುಣವೂ ಟಿಎಲ್072ಗೆ ಇದೆ. ಔಟ್‌ಪುಟ್ ಹಂತಗಳಲ್ಲಿ ಬದಲಾವಣೆ ನ್ಯಾಯವೇ.

ಚಿಪ್ ಬೇಡುವ ಕರೆಂಟಿನ ಬಗ್ಗೆ ಯಾರೂ ಕೇಳುವುದಿಲ್ಲ. ಎರಡು ಆಂಪ್‌ಗಳಿರುವ ಟಿಎಲ್072 ಸುಮ್ಮನಿದ್ದಾಗ ಸುಮಾರು 2.8 ಮಿಲಿಆಂಪಿಯರ್ ಕುಡಿಯುತ್ತದೆ, 5532 ಎಂಟು, ಎಲ್‌ಎಂ4562 ಹತ್ತು. ಇಪ್ಪತ್ತನಾಲ್ಕು ಚಾನೆಲ್ಲಿಗೆ ಆರರಂತೆ 144 ಚಿಪ್ ಎಂದರೆ 400 ಮಿಲಿಆಂಪಿಯರ್ ಇದ್ದದ್ದು 5532ರಲ್ಲಿ 1.15 ಆಂಪಿಯರ್, ಎಲ್‌ಎಂ4562ರಲ್ಲಿ 1.44. ಹಳೆಯ ಪವರ್ ಸಪ್ಲೈಯ ರೆಗ್ಯುಲೇಟರ್ ಒಂದರಿಂದ ಒಂದೂವರೆ ಆಂಪಿಯರಿನದಾಗಿದ್ದರೆ ಅದಕ್ಕೆ ಉಸಿರಾಡಲು ಜಾಗವೇ ಇಲ್ಲ. ±17 ವೋಲ್ಟಿನ ಕನ್ಸೋಲಿನಲ್ಲಿ 5532ರಿಂದಲೇ 25 ವ್ಯಾಟಿನಷ್ಟು ಹೆಚ್ಚುವರಿ ಬಿಸಿ ಪೆಟ್ಟಿಗೆಯೊಳಗೆ ಸೇರುತ್ತದೆ, ಆ ಬಿಸಿ ಕೂರುವುದು ಪಕ್ಕದ ಕೆಪಾಸಿಟರುಗಳ ಮೇಲೆ. ವೋಲ್ಟೇಜನ್ನೂ ನೋಡಬೇಕು: 5532 ±22ರ ತನಕ ತಾಳಿದರೆ ಎಲ್‌ಎಂ4562ರ ಕೆಲಸದ ಮಿತಿ ±17, ತಾಳುವ ಕೊನೆಯ ಮಿತಿ ±18. ±18 ಇರುವ ಕನ್ಸೋಲಿಗೆ ಅದನ್ನು ಹಾಕುವುದು ಅಂಚಿನ ಮೇಲೆ ಕೂರಿಸಿದಂತೆ. ವೇಗದ ಚಿಪ್‌ಗಳಿಗೆ ಇನ್ನೊಂದು ಚಟವಿದೆ, ಆಸಿಲೇಷನ್. ಹಳೆಯ ಬೋರ್ಡುಗಳಲ್ಲಿ ನಾಲ್ಕೈದು ಚಿಪ್‌ಗಳಿಗೆ ಒಂದೇ ಡಿಕಪ್ಲಿಂಗ್ ಕೆಪಾಸಿಟರು, ಉದ್ದುದ್ದ ಟ್ರ್ಯಾಕುಗಳು. ನಿಧಾನದ ಟಿಎಲ್072 ಇದನ್ನು ಸಹಿಸಿಕೊಂಡಿತ್ತು. 55 ಮೆಗಾಹರ್ಟ್ಸ್‌ನ ಚಿಪ್ಪು ಅಲ್ಲಿ ಮೆಗಾಹರ್ಟ್ಸ್ ಮಟ್ಟದಲ್ಲಿ ಸ್ವಂತ ಹಾಡು ಶುರುಮಾಡಬಹುದು. ಕಿವಿಗೆ ಅದು ಕೇಳದು. ಕೇಳುವುದು ಅದರ ಅಡ್ಡಪರಿಣಾಮ: ಒರಟಾದ ಮೇಲ್ಸ್ತರ, ಡಿಸಿ ಸರಿದಾಟ, ಎಲ್ಲಿಂದಲೋ ನುಸುಳುವ ರೇಡಿಯೊ. ಈ ಒರಟುತನವನ್ನೇ ‘ವಿವರ ಹೆಚ್ಚಾಯಿತು’ ಎಂದು ಮೆಚ್ಚಿಕೊಳ್ಳುವ ಸಾಧ್ಯತೆಯೂ ಉಂಟು. ಪ್ರತಿ ಚಿಪ್ಪಿನ ಸಪ್ಲೈ ಕಾಲುಗಳ ಹತ್ತಿರವೇ 100 ನ್ಯಾನೋಫ್ಯಾರಡ್ ಬೆಸೆದು, ಆಸಿಲೋಸ್ಕೋಪಿನಲ್ಲಿ ನೋಡದೆ ಇಂಥ ಚಿಪ್ ಹಾಕುವುದು ಸಲ್ಲದು.

ಇಷ್ಟೆಲ್ಲದರ ನಡುವೆ ಮರೆತುಹೋಗುವ ಸಂಗತಿ ಒಂದಿದೆ. ನಲವತ್ತು ವರ್ಷದ ಕನ್ಸೋಲಿನಲ್ಲಿ ಕಡಿಮೆ ಮುಪ್ಪಾಗಿರುವ ಭಾಗವೇ ಆಪ್-ಆಂಪ್. ಮಿತಿಯೊಳಗೆ ಕೆಲಸ ಮಾಡಿದ ಸಿಲಿಕಾನ್ ಚಿಪ್ ದಶಕಗಳ ನಂತರವೂ ಹೆಚ್ಚುಕಡಿಮೆ ಹುಟ್ಟಿದಾಗಿನಂತೆಯೇ ಇರುತ್ತದೆ. ಮುಪ್ಪಾಗುವುದು ಎಲೆಕ್ಟ್ರೋಲಿಟಿಕ್ ಕೆಪಾಸಿಟರು. ಅದರೊಳಗಿನ ದ್ರವ ಒಣಗುತ್ತದೆ. ಸುತ್ತಲಿನ ಬಿಸಿ ಹತ್ತು ಡಿಗ್ರಿ ಏರಿದರೆ ಆಯುಸ್ಸು ಅರ್ಧಕ್ಕಿಳಿಯುತ್ತದೆ ಎಂಬುದು ಎಂಜಿನಿಯರುಗಳು ಬಳಸುವ ಒರಟು ಲೆಕ್ಕ. ಒಣಗಿದ ಕೆಪಾಸಿಟರು ಸಿಗ್ನಲ್ ದಾರಿಯಲ್ಲಿದ್ದರೆ ಬಾಸ್ ತೆಳುವಾಗುತ್ತದೆ, ವಿಕೃತಿ ಸೇರುತ್ತದೆ. ಪವರ್ ಸಪ್ಲೈಯಲ್ಲಿದ್ದರೆ 100 ಹರ್ಟ್ಸ್ ಹಮ್. ಹಾಗೆಯೇ ಸ್ವಿಚ್ಚುಗಳು, ಪಾಟ್‌ಗಳು, ರಿಬ್ಬನ್ ಕೇಬಲಿನ ಕನೆಕ್ಟರುಗಳು, ಚಿಪ್ ಕೂತ ಸಾಕೆಟ್ಟು, ಎಲ್ಲದರಲ್ಲೂ ಕಿಲುಬು. ಈಗ ಒಂದು ಮಾಮೂಲಿ ‘ಅಪ್‌ಗ್ರೇಡ್’ ಹೇಗೆ ನಡೆಯುತ್ತದೆ ನೋಡಿ. ಚಾನೆಲ್ ಮಾಡ್ಯೂಲನ್ನು ಹೊರಗೆಳೆಯುತ್ತಾರೆ, ಕನೆಕ್ಟರು ಉಜ್ಜಿ ಶುಚಿಯಾಯಿತು. ಧೂಳು ಊದುತ್ತಾರೆ, ಪಾಟಿಗೆ ಕ್ಲೀನರ್ ಹೊಡೆಯುತ್ತಾರೆ. ಬಿಚ್ಚಿದ್ದೇವಲ್ಲ ಎಂದು ಕೆಪಾಸಿಟರುಗಳನ್ನೂ ಬದಲಿಸುತ್ತಾರೆ. ಸಾಕೆಟ್ಟಿನಿಂದ ಚಿಪ್ ಕಿತ್ತು ಬೇರೆಯದನ್ನು ಒತ್ತುತ್ತಾರೆ, ಅಲ್ಲಿನ ಕಿಲುಬೂ ಕೆರೆದುಹೋಯಿತು. ಆಮೇಲೆ ಕೇಳಿದಾಗ ದನಿ ಸ್ಪಷ್ಟವಾಗಿದ್ದರೆ ಕೀರ್ತಿಯೆಲ್ಲ ಚಿಪ್ಪಿಗೆ. ಸುಧಾರಣೆ ಸುಳ್ಳಲ್ಲ, ಕಾರಣ ಮಾತ್ರ ಅದೇ ಎನ್ನಲು ಆಧಾರವಿಲ್ಲ. ಹಳೆಯ ಚಿಪ್ಪನ್ನೇ ಕಿತ್ತು ಮತ್ತೆ ಒತ್ತಿದ್ದರೂ ಬಹುಪಾಲು ಅದೇ ಫಲ ಸಿಗುತ್ತಿತ್ತು ಎಂಬುದನ್ನು ಪರೀಕ್ಷಿಸುವವರು ಕಡಿಮೆ.

ಇದಕ್ಕೆ ಬರುವ ಗಟ್ಟಿ ಆಕ್ಷೇಪ ಒಂದು. ಮೈಕಿನಿಂದ ಮಾಸ್ಟರ್ ಔಟ್‌ಪುಟ್ಟಿನವರೆಗೆ ಸಿಗ್ನಲ್ ಹತ್ತಿಪ್ಪತ್ತು ಆಪ್-ಆಂಪ್ ದಾಟುತ್ತದೆ. ಒಂದೊಂದರ ತಪ್ಪು ಸಣ್ಣದಿರಬಹುದು, ಕೂಡಿದರೆ? ಈ ಮಾತನ್ನು ತಳ್ಳಿಹಾಕಲಾಗದು. ನಾಯ್ಸು ವರ್ಗಮೂಲದ ಲೆಕ್ಕದಲ್ಲಿ ಕೂಡಿದರೆ, ವಿಕೃತಿ ನೇರವಾಗಿಯೂ ಕೂಡಬಲ್ಲದು. ಅತಿ ಕೆಟ್ಟ ಸಂದರ್ಭವನ್ನೇ ತೆಗೆದುಕೊಳ್ಳೋಣ. ಟಿಎಲ್072 ಡೇಟಾಶೀಟಿನ ವಿಕೃತಿ ಶೇ 0.003. ಇಪ್ಪತ್ತು ಹಂತಗಳೂ ಒಂದೇ ದಿಕ್ಕಿಗೆ ತಪ್ಪಿದರೆ ಶೇ 0.06. ಮೈಕುಗಳ ಗರಿಷ್ಠ ಮಟ್ಟವನ್ನು ಕಂಪನಿಗಳು ನಮೂದಿಸುವುದು ಶೇ 0.5 ಅಥವಾ ಶೇ 1ರ ವಿಕೃತಿಗೆ. ಸ್ಪೀಕರುಗಳು ಬಾಸಿನಲ್ಲಿ ಅದನ್ನೂ ಸಲೀಸಾಗಿ ದಾಟುತ್ತವೆ. ಸರಪಳಿಯ ಎರಡು ತುದಿಗಳೂ ಹೀಗಿರುವಾಗ ನಡುವಿನ ಶೇ 0.06ನ್ನು ಶೇ 0.01ಕ್ಕೆ ತಂದೆವೆಂದು ಬೀಗುವುದಕ್ಕೆ ಏನೂ ಇಲ್ಲ. ಆದರೂ ಈ ಆಕ್ಷೇಪ ನನ್ನ ಮಾತಿಗೆ ಒಂದು ತಿದ್ದುಪಡಿ ತರುತ್ತದೆ: ಡೇಟಾಶೀಟಿನ ಅಂಕಿ ಹಗುರ ಲೋಡಿಗೆ ಅನ್ವಯಿಸುವಂಥದ್ದು. ಸರಪಳಿಯಲ್ಲಿ ಒಂದೇ ಒಂದು ಟಿಎಲ್072 ಭಾರದ ಲೋಡಿಗೆ ಸಿಕ್ಕಿದ್ದರೆ ಉಳಿದ ಹತ್ತೊಂಬತ್ತು ಸೇರಿ ಮಾಡುವುದಕ್ಕಿಂತ ಹೆಚ್ಚಿನ ವಿಕೃತಿಯನ್ನು ಅದೊಂದೇ ಮಾಡಬಲ್ಲದು. ಅದನ್ನು ಹುಡುಕಿ ಬದಲಿಸಬೇಕು. ಹುಡುಕಲು ಬೇಕಾದ್ದು ಸರ್ಕಿಟ್ ಡಯಾಗ್ರಾಮು, ಚೀಲದ ತುಂಬ ಹೊಸ ಚಿಪ್ ಅಲ್ಲ.

‘ಲೆಕ್ಕ ಏನೇ ಹೇಳಲಿ, ಕಿವಿಗೆ ಕೇಳುತ್ತದಲ್ಲ’ ಎಂಬುದು ಎರಡನೆಯ ಆಕ್ಷೇಪ. ಕಿವಿಯನ್ನು ಹೀಗಳೆಯುವ ಅಗತ್ಯವಿಲ್ಲ, ಕಿವಿಗೆ ಒಡ್ಡುವ ಪರೀಕ್ಷೆ ಸರಿಯಿರಬೇಕು ಅಷ್ಟೆ. ಡೇವಿಡ್ ಕ್ಲಾರ್ಕ್ 1982ರಲ್ಲಿ ಆಡಿಯೊ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ವಿವರಿಸಿದ ಎಬಿಎಕ್ಸ್ ಪೆಟ್ಟಿಗೆ ಈ ಉದ್ದೇಶದ್ದೇ: ಯಾವುದು ಕೇಳುತ್ತಿದೆ ಎಂದು ಕೇಳುಗನಿಗೂ ನಡೆಸುವವನಿಗೂ ಗೊತ್ತಿಲ್ಲದಂತೆ, ಕ್ಷಣದಲ್ಲಿ ಅದಲುಬದಲು ಮಾಡಿ ಹೋಲಿಸುವುದು. ಚಿಪ್ ಬದಲಾವಣೆಯಲ್ಲಿ ಇದು ತಿರುವುಮುರುವು. ಬೆಸುಗೆ ಹಾಕಲು ಗಂಟೆಗಟ್ಟಲೆ ಹಿಡಿಯುತ್ತದೆ, ಸೂಕ್ಷ್ಮ ಸ್ವರಭೇದದ ನೆನಪು ಅಷ್ಟು ಹೊತ್ತು ನಿಲ್ಲದು, ಶ್ರಮಪಟ್ಟವರಿಗೆ ಫಲ ಕೇಳಿಸಬೇಕೆಂಬ ಆಸೆಯೂ ಇರುತ್ತದೆ. ಅದೃಷ್ಟಕ್ಕೆ ಕನ್ಸೋಲೇ ಒಂದು ಪರೀಕ್ಷಾ ಯಂತ್ರ. ಅದರಲ್ಲಿ ಒಂದೇ ಬಗೆಯ ಚಾನೆಲ್ಲುಗಳು ಅಕ್ಕಪಕ್ಕ ಇವೆ, ಪೊಲಾರಿಟಿ ತಿರುಗಿಸುವ ಗುಂಡಿಯೂ ಸಾಮಾನ್ಯವಾಗಿ ಇದೆ. ಶುಚಿ ಮಾಡಿದ, ಹಳೆಯ ಚಿಪ್‌ಗಳೇ ಇರುವ ಎರಡು ಚಾನೆಲ್ಲಿಗೆ ಒಂದೇ ಸಿಗ್ನಲ್ ಕೊಡಿ, ಒಂದರ ಪೊಲಾರಿಟಿ ತಿರುಗಿಸಿ, ಫೇಡರುಗಳನ್ನು ಸರಿದೂಗಿಸಿ. ಎರಡೂ ಒಂದನ್ನೊಂದು ನುಂಗಿ ಉಳಿಯುವ ಚೂರನ್ನು ರೆಕಾರ್ಡ್ ಮಾಡಿ. ಮಟ್ಟದಲ್ಲಿ ಶೇ 1 ವ್ಯತ್ಯಾಸವಿದ್ದರೂ ಆ ಚೂರು −40 ಡೆಸಿಬೆಲ್‌ಗಿಂತ ಕೆಳಗೆ ಇಳಿಯದು, ಹಾಗಾಗಿ ಫೇಡರಿನಲ್ಲಿ ತಾಳ್ಮೆ ಬೇಕು. ಈಗ ಒಂದು ಚಾನೆಲ್ಲಿನ ಚಿಪ್ ಮಾತ್ರ ಬದಲಿಸಿ ಅದೇ ಪರೀಕ್ಷೆ ಮಾಡಿ. ಉಳಿಯುವ ಚೂರು ಮೊದಲಿನಷ್ಟೇ ಇದ್ದರೆ, ಚಿಪ್ ತಂದ ವ್ಯತ್ಯಾಸ ರೆಸಿಸ್ಟರು ಕೆಪಾಸಿಟರುಗಳ ಸಹಜ ಏರುಪೇರಿಗಿಂತ ದೊಡ್ಡದಲ್ಲ ಎಂದಾಯಿತು. ಹೆಚ್ಚಿದ್ದರೆ ವ್ಯತ್ಯಾಸ ಇದೆ, ಅದು ಹಿಸ್ಸೋ ವಿಕೃತಿಯೋ ಎಂದು ಆ ಚೂರನ್ನೇ ಎತ್ತರಿಸಿ ಕೇಳಬಹುದು. ಉತ್ತಮವೋ ಕೆಡುಕೋ ಎಂಬುದನ್ನು ಈ ಪರೀಕ್ಷೆ ಹೇಳುವುದಿಲ್ಲ. ಆ ತೀರ್ಪು ಕಿವಿಯದೇ.

ತಯಾರಕರು ಕಾಸಿಗಾಗಿ ಅಗ್ಗದ ಚಿಪ್ ಹಾಕಿದರು ಎಂಬ ಮಾತೂ ಅರ್ಧ ಸತ್ಯ. 1980ರ ದಶಕದಲ್ಲಿ 5532 ದುಬಾರಿಯಾಗಿತ್ತು, ನಿಜ. ಆದರೆ ಜಾಣ ವಿನ್ಯಾಸಗಾರರು ಅದನ್ನು ಬಸ್ಸು, ಔಟ್‌ಪುಟ್ಟುಗಳಂಥ ಬೇಕಾದ ಜಾಗಕ್ಕೆ ಕೊಟ್ಟು ಉಳಿದೆಡೆ ಟಿಎಲ್072 ಇಟ್ಟರು. ಬಿಚ್ಚಿ ನೋಡಿದರೆ ನೀವು ಬದಲಿಸಬೇಕೆಂದಿದ್ದ ಜಾಗದಲ್ಲಿ 5532 ಅಥವಾ ಅದರ ಒಂಟಿ ಸೋದರ 5534 ಆಗಲೇ ಕೂತಿರಬಹುದು. ಸೌಂಡ್‌ಕ್ರಾಫ್ಟ್ ಕಂಪನಿಯಲ್ಲಿ ಕನ್ಸೋಲ್‌ಗಳನ್ನು ವಿನ್ಯಾಸ ಮಾಡಿದ ಡಗ್ಲಸ್ ಸೆಲ್ಫ್ ತಮ್ಮ ‘ಸ್ಮಾಲ್ ಸಿಗ್ನಲ್ ಆಡಿಯೊ ಡಿಸೈನ್’ ಪುಸ್ತಕದಲ್ಲಿ, 1970ರ ದಶಕದ ಆ 5532ನ್ನೇ ಬಹುಪಾಲು ಕೆಲಸಕ್ಕೆ ಮುಂದಿಡುತ್ತಾರೆ. ಅದರ ಬೆಲೆ ಇಂದು ನೆಲಕ್ಕಿಳಿದಿದೆ. ವಿಚಿತ್ರವೆಂದರೆ ಈ ಚಿಪ್ ಜಗಳದ ಹಲವು ಪಕ್ಷಗಳು ಈಗ ಒಂದೇ ಸೂರಿನಡಿ ಇವೆ. ಟಿಎಲ್072 ಮೊದಲಿನಿಂದಲೂ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್‌ದು. ಓಪಿಎ2134 ತಂದ ಬರ್-ಬ್ರೌನನ್ನು ಅದು 2000ದಲ್ಲಿ ಕೊಂಡಿತು, ಎಲ್‌ಎಂ4562 ತಂದ ನ್ಯಾಷನಲ್ ಸೆಮಿಕಂಡಕ್ಟರನ್ನು 2011ರಲ್ಲಿ. 5532ನ್ನೂ ಅದು ತಯಾರಿಸುತ್ತದೆ. 1985ರಲ್ಲಿ ಬೆಂಗಳೂರಿನಲ್ಲಿ ವಿನ್ಯಾಸ ಕೇಂದ್ರ ತೆರೆದ ಕಂಪನಿಯೂ ಇದೇ. ಟಿಎಲ್072 ಕೆಲಸಕ್ಕೆ ಬಾರದ್ದಾಗಿದ್ದರೆ ಅದನ್ನು ಇಷ್ಟು ವರ್ಷ ತಯಾರಿಸುತ್ತಲೇ ಇರಲು ಅವರಿಗೇನು ಹಟ?

ಬದಲಿಸಲೇಬೇಕಾದ ಆ ಕೆಲವು ಜಾಗಗಳಿಗೂ ಎಚ್ಚರದ ಮಾತುಗಳಿವೆ. 5534ರ ಕಾಲುಗಳು ಟಿಎಲ್071ರಂತೆ ಕಂಡರೂ ಅಲ್ಲ. ಮೂರಕ್ಕಿಂತ ಕಡಿಮೆ ಗೇನಿನಲ್ಲಿ ಅದಕ್ಕೆ 5 ಮತ್ತು 8ನೇ ಕಾಲುಗಳ ನಡುವೆ 22 ಪೈಕೋಫ್ಯಾರಡ್ ಬೇಕು, ಇಲ್ಲದಿದ್ದರೆ ಆಸಿಲೇಷನ್. ನಾಲ್ಕು ಆಂಪ್‌ಗಳ ಟಿಎಲ್074 ಇರುವ ಕಡೆ 5532 ಕೂರದು, ಎಂಸಿ33079ರಂಥದ್ದನ್ನು ಹುಡುಕಬೇಕು. ಬೆಸೆದ ಚಿಪ್ ಕೀಳುವಾಗ ಕಾಲುಗಳನ್ನು ಕತ್ತರಿಸಿ ಒಂದೊಂದಾಗಿ ತೆಗೆಯುವುದೇ ಕ್ಷೇಮ. ಬಿಸಿ ಹೆಚ್ಚಾದರೆ ಹಳೆಯ ಬೋರ್ಡಿನ ತಾಮ್ರ ಸಿಪ್ಪೆಯಂತೆ ಏಳುತ್ತದೆ, ಆಗ ನಷ್ಟ ಲಾಭಕ್ಕಿಂತ ದೊಡ್ಡದು. ಕೊನೆಯದಾಗಿ ನಕಲಿ. ಅಗ್ಗದ ಚಿಪ್ಪಿನ ಅಚ್ಚು ಅಳಿಸಿ ದುಬಾರಿ ಹೆಸರು ಒತ್ತುವ ದಂಧೆ ಎಲ್ಲ ದೇಶಗಳ ಮಾರುಕಟ್ಟೆಯಲ್ಲೂ ಇದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡರೂ ಪರದೇಶದಿಂದ ಅಂಚೆಯಲ್ಲಿ ತರಿಸಿದರೂ ಬೆಸೆಯುವ ಮುನ್ನ ಒಂದು ಬ್ರೆಡ್‌ಬೋರ್ಡಿನ ಮೇಲಿಟ್ಟು ಸಪ್ಲೈ ಕರೆಂಟು ಅಳೆಯುವುದು ಐದು ನಿಮಿಷದ ಕೆಲಸ. 5532 ಎಂದು ಬರೆದದ್ದು ಎಂಟು ಮಿಲಿಆಂಪಿಯರಿನ ಆಸುಪಾಸಿನಲ್ಲಿ ಕುಡಿದರೆ ನಂಬಬಹುದು. ಎರಡೂವರೆ ಮೂರು ಮಾತ್ರ ತೋರಿಸಿದರೆ ಅಚ್ಚಿನ ಕೆಳಗಿರುವುದು ಬಹುಶಃ 4558, ಟಿಎಲ್072ಗಿಂತಲೂ ಹಳೆಯ ಪೀಳಿಗೆಯ, ಮೈಕ್ರೋಸೆಕೆಂಡಿಗೆ 1.7 ವೋಲ್ಟಿನ ನಿಧಾನಿ. ಅಂಥದ್ದನ್ನು ಕನ್ಸೋಲ್ ತುಂಬ ಹಾಕಿದ ಮೇಲೆ ಕಿವಿಗೆ ಹೊಸ ಸ್ಪಷ್ಟತೆ ಕೇಳಿಸಿದ್ದರೆ, ಅದಕ್ಕೆ ಕಾರಣವನ್ನು ಶುಚಿಯಾದ ಕನೆಕ್ಟರುಗಳಲ್ಲಿ ಹುಡುಕಬೇಕು.